ಎರಡು ಗುಟುಕು ಮಜ್ಜಿಗೆ

ಡಾಕ್ಟ್ರಮ್ಮನ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ನಾಡಿ ಹಿಡಿದಾಗ ಅದು ಚರ್ಮಕ್ಕೆ ಸಣ್ಣಗೆ ತಾಗುತ್ತಿತ್ತು. ಬೇರೆ ಮಾತಾಡುವಾಗಲೂ ಅವರು ಎದುರಿನವರ ಮಣಿಕಟ್ಟು ಬಿಡುತ್ತಿರಲಿಲ್ಲ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಅವರಿಗೆ ಹೆದರದವರಿರಲಿಲ್ಲ. ಸುತ್ತಿ ಬಳಸಿ ಹೇಳುವುದು ಅವರಿಗೆ ಬರುತ್ತಿರಲಿಲ್ಲ. "ಸುಳ್ಳು ಸಮಾಧಾನ ಬೇಕಿದ್ರೆ ನೆಂಟ್ರ ಮನೆಗೆ ಹೋಗ್ರಿ, ಇಲ್ಲಿಗ್ಯಾಕೆ ಬಂದ್ರಿ?" ಎನ್ನುತ್ತಿದ್ದರು.

ಮೊಮ್ಮಕ್ಕಳೇ, ನೀವು ತಾತನ ಬಗ್ಗೆ ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಬಿ.ಜಿ. ಕೆರೆಯ ನಮ್ಮ ಹೊಲದಲ್ಲಿ ಶೇಂಗಾ ಕೀಳಿಸುವಾಗ ನಿಮ್ಮ ತಾತನಿಗೆ ಎದೆನೋವು ಬಂತು. ಚಳ್ಳಕೆರೆಗೆ ಕರೆದೊಯ್ದೆವು. ಹೆಪ್ಪುಗಟ್ಟಿದ ರಕ್ತ ಕರಗಲೆಂದು ಡಾಕ್ಟ್ರಮ್ಮ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ನೋವು ಇಳಿದು ಮುಖಕ್ಕೆ ಕಳೆ ಬಂತು. "ಗಂಟ್ಲು ಒಣಗ್ತೈತೆ ಕಣೇ" ಎಂದರು. ಮನೆಯಿಂದ ತಂದಿದ್ದ ಮಜ್ಜಿಗೆ ಎರಡು ಗುಟುಕು ಕುಡಿಸಿದೆ. ಲೋಟ ಕೆಳಗಿಡುವಷ್ಟರಲ್ಲಿ ಕಣ್ಣು ಮೇಲಾದವು. ಮಂಚದ ಪಕ್ಕದ ಯಂತ್ರದಲ್ಲಿ ಗೆರೆ ಹುಚ್ಚೆದ್ದು ಕುಣಿಯಿತು. ಡಾಕ್ಟ್ರಮ್ಮ ಓಡಿ ಬಂದು ಎದೆ ಒತ್ತಿದರು, ಕರೆಂಟಿನ ಶಾಕ್ ಕೊಟ್ಟರು, ಮತ್ತೆ ಒತ್ತಿದರು. ನಿಮ್ಮ ತಾತ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಒಂದೇ ಮಾತು: ಉಷ್ಣದ ಔಷಧಿ ಮೈಯಲ್ಲಿರುವಾಗ ತಂಪು ಮಜ್ಜಿಗೆ ಕುಡಿಸಿ ಗಂಡನನ್ನು ಕೊಂದಳು. ಅತ್ತೆ ನನ್ನ ಕೈಯ ನೀರು ಮುಟ್ಟಲಿಲ್ಲ. ಕಂಕುಳಲ್ಲಿದ್ದ ನಿಮ್ಮವ್ವನನ್ನು ಇಟ್ಟುಕೊಂಡು ನನ್ನನ್ನು ತವರಿಗೆ ಅಟ್ಟುವುದೆಂದು ಭಾವ ನಿಶ್ಚಯಿಸಿದರು. ನನಗೂ ಅವರ ಮಾತೇ ನಿಜವೆನಿಸತೊಡಗಿತ್ತು.

ಆಸ್ಪತ್ರೆಗೆ ಹೋಗಿದ್ದ ನಮ್ಮ ಓಣಿಯ ಹೆಂಗಸೊಬ್ಬಳು ಇದನ್ನು ಡಾಕ್ಟ್ರಮ್ಮನಿಗೆ ಹೇಳಿದಳು. ಮರುದಿನ ಮಧ್ಯಾಹ್ನ ಅವರು ಬಸ್ಸಿಳಿದು, ಮನೆ ಕೇಳಿಕೊಂಡು ಬಂದು ಪಡಸಾಲೆಯಲ್ಲಿ ಕೂತರು.

"ಮಜ್ಜಿಗೇಲಿ ಏನೂ ಇಲ್ಲಮ್ಮ," ಎಂದರು ಅತ್ತೆಗೆ. "ರಕ್ತ ನಿಂತ ಕಡೆ ಹೃದಯದ ಮಾಂಸ ಉಸಿರಿಲ್ದೆ ದುಡೀತೈತೆ. ಆಮ್ಲ ತುಂಬ್ಕೊಳ್ತೈತೆ. ಜೋರಾಗಿ ಓಡಿದ್ರೆ ಕಾಲು ಉರಿಯಲ್ವಾ, ಹಂಗೆ."

"ನೋವು ಹೋಗಿತ್ತಲ್ರಿ!" ಎಂದರು ಭಾವ. "ಇವಳು ಕುಡಿಸಿದ್ಮೇಲೇ ಅಲ್ವಾ ಅವನು ಹೋಗಿದ್ದು?"

"ನೋವು ಹೋಗಿದ್ದು ರಕ್ತಕ್ಕೆ ದಾರಿ ಬಿಟ್ಟಿದ್ದಕ್ಕೆ. ಅದೇ ಕೆಟ್ಟ ಹೊತ್ತು. ರಕ್ತ ಒಮ್ಮೆಲೇ ನುಗ್ಗಿ ಮಾಂಸದ ಹೊರಗಿನ ಆಮ್ಲ ತೊಳೆದುಬಿಡ್ತೈತೆ, ಒಳಗಿಂದು ಹಂಗೇ ಇರ್ತೈತೆ. ಆ ಒಳಗಿನ ಆಮ್ಲ ಹೊರಗೆ ಬರೋ ಎಳೆದಾಟದಾಗೆ ಉಪ್ಪು, ಸುಣ್ಣದ ಅಂಶ ಒಳಗೆ ನುಗ್ತಾವೆ. ಬಡಿತ ದಿಕ್ಕೆಡ್ತೈತೆ."

"ಹಂಗಾದ್ರೆ ನಿಮ್ಮ ಇಂಜೆಕ್ಷನ್ನೇ ಕೊಂದಿದ್ದು ಅನ್ರಿ!"

ಡಾಕ್ಟ್ರಮ್ಮ ದನಿ ಏರಿಸಲಿಲ್ಲ. "ದಾರಿ ಬಿಡಿಸಿದ್ದು ನಾನೇ. ಬಿಡಿಸದಿದ್ರೆ ಆ ಮಾಂಸವೇ ಸಾಯ್ತಿತ್ತು. ಎಷ್ಟೋ ಜನ ಅದರಿಂದ ಉಳೀತಾರೆ. ನಿಮ್ಮ ತಮ್ಮನ್ನ ಉಳಿಸೋಕೆ ನನ್ ಕೈಲಾಗ್ಲಿಲ್ಲ. ಬೈಯೋದಿದ್ರೆ ನನ್ನ ಬೈರಿ. ಈ ಹುಡುಗಿನ ಬಿಡ್ರಿ."

ಭಾವ ಬೈದರು. ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ನಿಲ್ಲುವಷ್ಟು ಬೈದರು. ಡಾಕ್ಟ್ರಮ್ಮ ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿಯೇ, "ಬಿಸಿಲಾಗೆ ಬಂದವ್ರೆ, ಡಾಕ್ಟ್ರಮ್ಮಂಗೆ ನೀರು ಕೊಡೇ" ಎಂದರು. ಮಣ್ಣಾದ ದಿನದಿಂದ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ತವರಿಗೆ ಅಟ್ಟುವ ಮಾತು ಮತ್ತೆ ಬರಲಿಲ್ಲ. ಭಾವ ಮಾತ್ರ ಸಾಯುವ ತನಕ ನಾನು ಬಡಿಸಿದ್ದನ್ನು ಉಣ್ಣಲಿಲ್ಲ.

ಹೋದ ವರ್ಷ ಡಾಕ್ಟ್ರಮ್ಮ ತೀರಿಕೊಂಡರು. ನೋಡಲು ಹೋಗಿದ್ದೆ. ಅಷ್ಟು ಜನರ ನಡುವೆ ನುಗ್ಗಲು ನಾಚಿಕೆಯಾಗಿ ಗೇಟಿನ ಹೊರಗೇ ನಿಂತು ಬಂದೆ. ಬದುಕಿದ್ದಾಗಲೂ ಅವರಿಗೆ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ. ಆವತ್ತು ಅವರು ಬಂದು ಅಷ್ಟು ಬೈಸಿಕೊಳ್ಳದಿದ್ದರೆ, ಅಪ್ಪನನ್ನು ಕೊಂದವಳು ಅವ್ವನೇ ಎಂದು ನಂಬಿ ನಿಮ್ಮವ್ವ ಬೆಳೆಯುತ್ತಿದ್ದಳು. ನಿಮಗೆ ನನ್ನ ಮುಖವೇ ಗೊತ್ತಿರುತ್ತಿರಲಿಲ್ಲ.