ರಾಣಿಯ ಸಂಬಂಧ ಮುರಿದ ಹತ್ತಿಕಡ್ಡಿ

ಹೋದ ತಿಂಗಳು ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಹುಡುಗಿಗೆ ನಾಲ್ಕು ಕಾಲು. ಹುಡುಗನಿಗೂ ಅಷ್ಟೇ.

ಜೆ.ಪಿ. ನಗರದಲ್ಲಿ ನಾವು ಬಾಡಿಗೆಗಿರುವ ಮನೆಯ ಓನರ್ ಮುನಿರಾಜಣ್ಣ, ಅವರ ಹೆಂಡತಿ ಜಯಮ್ಮ. ಅವರ ಜರ್ಮನ್ ಶೆಫರ್ಡ್ ರಾಣಿಗೆ ಪದ್ಮನಾಭನಗರದ ಟೈಗರ್ ಜೊತೆ ಸಂಬಂಧ ಕುದುರಿತ್ತು. ಟೈಗರ್ ಜಯಮ್ಮನ ತಮ್ಮನ ನಾಯಿ. ಎರಡೂ ಅಪ್ಪಟ ತಳಿ, ಎರಡಕ್ಕೂ ಸರ್ಟಿಫಿಕೇಟ್. ತಮಾಷೆಗೆಂದು ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಇಟ್ಟು ತಾಂಬೂಲವನ್ನೂ ಬದಲಾಯಿಸಿಕೊಂಡರು. (ಹೋಳಿಗೆ ಊಟ ಮಾತ್ರ ತಮಾಷೆಯಾಗಿರಲಿಲ್ಲ. ನಾನು ಮೂರು ತಿಂದೆ.)

ಅಡ್ಡಗಾಲು ಹಾಕಿದ್ದು ತಿಲಕ್ ನಗರದ ನಾಯಿ ಡಾಕ್ಟರ್, ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮರಿ ಮಾಡಿಸೋಕೆ ಮುಂಚೆ ಎರಡಕ್ಕೂ ಜೀನ್ ಟೆಸ್ಟ್ ಮಾಡಿಸಿ ಅಂಕಲ್" ಅಂದರು.

"ಎರಡೂ ಗುಂಡುಕಲ್ಲಿನ ಹಂಗಿದಾವಲ್ಲಮ್ಮ" ಎಂದು ಮುನಿರಾಜಣ್ಣ ಗೊಣಗಿದರು. ಆದರೂ ಮಾಡಿಸಿದರು.

ಟೆಸ್ಟ್ ಅಂದರೆ ಇಷ್ಟೇ: ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಲ್ಯಾಬಿಗೆ ಕಳಿಸುವುದು. ಸೂಜಿ ಇಲ್ಲ, ರಕ್ತ ಇಲ್ಲ. ರಾಣಿ ಕಡ್ಡಿಯನ್ನೇ ತಿನ್ನಲು ನೋಡಿದಳು. ಇದರಿಂದ ಏನು ತಿಳಿದೀತು ಎಂದು ನಾನು ಒಳಗೊಳಗೇ ನಕ್ಕೆ.

ಮೊನ್ನೆ ರಿಪೋರ್ಟ್ ಬಂತು. ನಾನೂ ಜೊತೆಗೆ ಹೋಗಿದ್ದೆ. (ಕಾರು ನನ್ನದು, ಸೀಟಿನ ತುಂಬ ಕೂದಲು ರಾಣಿಯದು.)

"ಈ ತಳೀಲಿ ವಯಸ್ಸಾದ್ಮೇಲೆ ಹಿಂಗಾಲು ಬಿದ್ದುಹೋಗೋ ಒಂದು ಕಾಯಿಲೆ ಇದೆ" ಅಂದರು ಡಾಕ್ಟರ್. "ಅದರ ಜೀನ್ ರಾಣೀಲಿ ಒಂದಿದೆ, ಟೈಗರಲ್ಲೂ ಒಂದಿದೆ. ಒಂದೇ ಇದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಇಬ್ರಿಂದಲೂ ಒಂದೊಂದು ಬಂದ ಮರಿಗೆ ಅಪಾಯ. ಆ ಜೀನ್ ಇಲ್ಲದಿರೋ ಗಂಡು ಹುಡುಕಿ, ಸಾಕು."

ನನ್ನ ನಗು ಅಲ್ಲೇ ನಿಂತಿತು. ಇನ್ನೂ ಹುಟ್ಟದ ಮರಿಯೊಂದು ಎಂಟೊಂಬತ್ತು ವರ್ಷ ಕಳೆದ ಮೇಲೆ ಎದ್ದು ನಿಲ್ಲಲು ಒದ್ದಾಡಬಹುದು ಎಂಬುದನ್ನು ತಾಯಿಯ ಎಂಜಲು ಈಗಲೇ ಹೇಳುತ್ತದೆಯೇ? ಅದೇ ಎಂಜಲನ್ನು ದಿನಾ ಪ್ಯಾಂಟಿನಿಂದ ಒರೆಸಿಕೊಂಡು ಬೈದವನು ನಾನು. ನಿಜ ಹೇಳಬೇಕೆಂದರೆ, ಮೈ ಜುಮ್ಮೆಂದಿತು.

ಜಯಮ್ಮನ ಮುಖ ಮಾತ್ರ ಕಪ್ಪಿಟ್ಟಿತ್ತು. ರಾಣಿಗೆ ಮುಂಚೆ ಅವರಲ್ಲಿದ್ದ ಇದೇ ತಳಿಯ ನಾಯಿ ರಾಜ ಕೊನೆಯ ವರ್ಷವೆಲ್ಲ ಹಿಂಗಾಲು ಎಳೆದುಕೊಂಡೇ ಬದುಕಿದ್ದ. ಗ್ರಾನೈಟ್ ನೆಲದಲ್ಲಿ ಜಾರಿ ಹೀಗಾಯಿತೆಂದು, ಆಸೆಪಟ್ಟು ಗ್ರಾನೈಟ್ ಹಾಕಿಸಿದ್ದಕ್ಕೆ ಜಯಮ್ಮ ಇಷ್ಟು ವರ್ಷ ತಮ್ಮನ್ನು ತಾವೇ ಬೈದುಕೊಂಡಿದ್ದರು.

"ನಮ್ ರಾಜಂಗೆ ಆಗಿದ್ದು ಇದೇನಾ ಡಾಕ್ಟ್ರೇ?"

"ಟೆಸ್ಟ್ ಮಾಡಿರ್ಲಿಲ್ವಲ್ಲ ಆಂಟಿ, ಖಂಡಿತ ಅಂತ ಹೇಳಕ್ಕಾಗಲ್ಲ. ಇದ್ರೂ ಇರಬಹುದು."

ಜಯಮ್ಮ ಅಲ್ಲಿಂದಲೇ ತಮ್ಮನಿಗೆ ಫೋನ್ ಹಚ್ಚಿದರು. ಸ್ಪೀಕರ್ ಆನ್.

"ಈ ಸಂಬಂಧ ಬೇಡ ಕಣೋ."

"ತಾಂಬೂಲ ಆದ್ಮೇಲೆ ಹಿಂಗಂದ್ರೆ ಹೆಂಗಕ್ಕ? ಆಫೀಸಲ್ಲೆಲ್ಲ ಮರಿ ಕೊಡ್ತೀನಿ ಅಂದ್ಬಿಟ್ಟಿದೀನಿ. ನನ್ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆ ನಮ್ದು ಕಣೋ. ಕಾಲು ಮರಿಗಳ್ದು."

ಮುನಿರಾಜಣ್ಣ ಹೆಂಡತಿಯನ್ನು ಹೊಸದಾಗಿ ನೋಡುವವರಂತೆ ನೋಡುತ್ತಿದ್ದರು. ನಾನೂ. ಜೀನ್ ಓದುವ ವಿಜ್ಞಾನ ದೊಡ್ಡದು, ಕೈ ಮುಗಿದೆ. ಜಯಮ್ಮನಿಗೂ ಮುಗಿಯಬೇಕು ಅನ್ನಿಸಿತು.

ಹೇಳಿ, ಮನುಷ್ಯರ ಮದುವೆ ಮಾತುಕತೆಯಲ್ಲಿ, ಇನ್ನೂ ಹುಟ್ಟದ ಮಕ್ಕಳ ಪರವಾಗಿ ಹೀಗೆ ಬಾಯಿ ಬಿಟ್ಟವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?