ಸಣ್ಣ ಕೋವಿ, ದೊಡ್ಡ ಕಡವೆ

ಸಿಡ್ನಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಮಿಡಿ ಉಪ್ಪಿನಕಾಯಿಗೆ ಏನೂ ಆಗಲಿಲ್ಲ, ಸಿಕ್ಕಿಬಿದ್ದದ್ದು ನನ್ನ ಬೂಟು. ಇತ್ತೀಚೆಗೆ ದನಕರುಗಳ ಹತ್ತಿರ ಹೋಗಿದ್ದೀರಾ ಎಂಬ ಪ್ರಶ್ನೆಗೆ ಕಾರ್ಡಿನಲ್ಲಿ ಹೌದು ಎಂದು ಬರೆದಿದ್ದೆ. ಮೂವತ್ತೆರಡು ವರ್ಷ ಸರ್ಕಾರಿ ದನದ ಡಾಕ್ಟರಾಗಿದ್ದವಳು, ನಿವೃತ್ತಿಯಾದ ಮೇಲೂ ಮೈಸೂರಿನ ನಮ್ಮ ಬೀದಿಯ ಹಸುಗಳಿಗೆ ಸೂಜಿ ಚುಚ್ಚುತ್ತಿರುವವಳು, ಇಲ್ಲ ಎಂದು ಬರೆಯುವುದು ಹೇಗೆ? ಅಲ್ಲಿದ್ದ ಹುಡುಗಿ ಬೂಟುಗಳನ್ನು ಒಳಗೆ ಒಯ್ದು, ಅಡಿಯ ಮಣ್ಣನ್ನೆಲ್ಲ ಉಜ್ಜಿ ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಗುತ್ತ ಕೊಟ್ಟಳು. ನನ್ನ ಬೂಟನ್ನು ಇನ್ನೊಬ್ಬರು ತೊಳೆದದ್ದು ಅದೇ ಮೊದಲು. ಆ ದೇಶದ ಮೇಲೆ ನನಗೆ ಅಲ್ಲೇ ಗೌರವ ಹುಟ್ಟಿತು.

ಅದು ಎರಡು ಸಾವಿರದ ಏಳರ ಏಪ್ರಿಲ್. ಸಿಡ್ನಿಯಲ್ಲಿ ಕಾಲೇಜಿನ ಗೆಳತಿಯ ಮನೆಯಲ್ಲಿ ಎರಡು ದಿನ ಇದ್ದೆ. ಅವಳು ತೋರಿಸಬೇಕೆಂದಿದ್ದ ಅಂಗಡಿ ಬೀದಿಗಳನ್ನೆಲ್ಲ ತಪ್ಪಿಸಿಕೊಂಡು, ಬಂದರಿನಿಂದ ಮ್ಯಾನ್ಲಿಗೆ ಹೋಗುವ ದೋಣಿಯಲ್ಲಿ ಒಂದೇ ದಿನ ಎರಡು ಸಲ ಹೋಗಿಬಂದೆ. ಅರ್ಧ ಗಂಟೆಯ ಹಾದಿ. ನಡುವೆ ಎರಡು ಕಡೆಯ ಬಂಡೆಗಳು ದೂರ ಸರಿದು ತೆರೆದ ಸಾಗರ ಎದುರಾಗುತ್ತದೆ, ಅಷ್ಟು ದೊಡ್ಡ ದೋಣಿ ಮೊರದಲ್ಲಿ ಕೇರಿದ ಕಾಳಿನಂತೆ ಮೇಲೇಳುತ್ತದೆ. ಪಕ್ಕದಲ್ಲಿದ್ದವರು ಸ್ಯಾಂಡ್‌ವಿಚ್ ತಿನ್ನುತ್ತ ಪತ್ರಿಕೆ ಓದುತ್ತಿದ್ದರು. ನಾನು ಕಂಬಿ ಹಿಡಿದುಕೊಂಡು, ಬಾಯಿ ಮುಚ್ಚುವುದನ್ನೂ ಮರೆತು ನೋಡುತ್ತಿದ್ದೆ.

ಮೆಲ್ಬರ್ನ್‌ನ ತಂಗಿಯ ಮನೆಗೆ ವಿಮಾನ ಬೇಡ, ರೈಲೇ ಬೇಕು ಎಂದು ಹಟ ಹಿಡಿದಿದ್ದೆ. ಬೆಳಗ್ಗೆ ಹೊರಟರೆ ಹನ್ನೊಂದು ಗಂಟೆಯ ಪ್ರಯಾಣ, ಒಂಬೈನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಟಿಕೆಟ್ಟಿಗೆ ಎಪ್ಪತ್ತೈದು ಡಾಲರ್. ಆ ವರ್ಷ ಅಲ್ಲಿ ಬರಗಾಲ. ಕಿಟಕಿಯಾಚೆ ಗಂಟೆಗಟ್ಟಲೆ ಕಂದು ನೆಲ, ಅದೇ ಬಣ್ಣದ ಕುರಿಗಳು, ತಳ ಕಂಡ ಕೆರೆಗಳು. ಊರು ಎಂದರೆ ಒಂದು ಧಾನ್ಯದ ಕಣಜ, ನಾಲ್ಕು ಮನೆ. ಇಷ್ಟು ಖಾಲಿ ಜಾಗವನ್ನು ದೇವರು ಯಾರಿಗೆಂದು ಇಟ್ಟಿದ್ದಾನೆ ಎಂದು ಯೋಚಿಸುತ್ತಿದ್ದಾಗಲೇ ಬೇಲಿ ಪಕ್ಕದಲ್ಲಿ ಹತ್ತು ಹದಿನೈದು ಕಾಂಗರೂಗಳು ಎದ್ದು ಕೂತು ರೈಲನ್ನು ನೋಡಿದವು. ಉತ್ತರ ಸಿಕ್ಕಿತು.

ಸ್ಟೇಷನ್ನಿಗೆ ತಂಗಿ ಸುಧಾ ಮತ್ತು ಅವಳ ಗಂಡ ಸದಾನಂದ ಬಂದಿದ್ದರು. ಸದಾನಂದ ಉಡುಪಿ ಕಡೆಯವರು, ಮನೆಮಾತು ತುಳು. ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಊರಾಚೆ ಪಾಯಿಂಟ್ ಕುಕ್‌ ಬಡಾವಣೆಯ ಅವರ ಮನೆ ತಲುಪುವಷ್ಟರಲ್ಲಿ ಫ್ರೀವೇ, ಮಾರ್ಟ್‌ಗೇಜ್, ಸ್ನಾನ ಮಾಡುವಾಗ ಬಕೆಟ್ ಇಟ್ಟು ನೀರು ಹಿಡಿಯಬೇಕಾದ ಕಥೆ ಎಲ್ಲವೂ ಮುಗಿದಿತ್ತು. ಊಟಕ್ಕೆ ನೀರುದೋಸೆ, ಕಾಯಿಚಟ್ನಿ. ಸದಾನಂದ ಕೈತೊಳೆಯಲು ಎದ್ದದ್ದೇ ಸುಧಾ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕ, ಇವ್ರು ಕೋವಿ ತಗೊಂಡಿದಾರೆ ಕಣೇ. ನೆಕ್ಸ್ಟ್ ವೀಕ್ ಜಿಂಕೆ ಹೊಡೆಯೋಕೆ ಹೋಗ್ತಾರಂತೆ. ನನ್ ಮಾತು ಕೇಳಲ್ಲ. ನೀನು ಹೇಳಿದ್ರೆ ಕೇಳ್ತಾರೆ."

ಮಾರನೆಯ ದಿನ ಸದಾನಂದ ತಾವೇ ನನ್ನನ್ನು ಗ್ಯಾರೇಜಿಗೆ ಕರೆದೊಯ್ದರು. ಗೋಡೆಗೆ ಬೋಲ್ಟು ಹಾಕಿ ಬಿಗಿದ ಉಕ್ಕಿನ ಕಪಾಟು, ಅದರೊಳಗೆ ಒಂದು ತೆಳ್ಳನೆಯ ರೈಫಲ್. ಮರದ ಹಿಡಿಯ ಮೇಲೆ ಒಣಗಿದ ಕುಂಕುಮ. ಆಯುಧಪೂಜೆಗೆ ಕಾರಿನ ಜೊತೆ ಅದಕ್ಕೂ ಬೊಟ್ಟಿಟ್ಟಿದ್ದರಂತೆ. ಇಟ್ಟವಳು ಸುಧಾಳೇ!

"ಇದರ ಗುಂಡು ಸಣ್ಣದು, ಕಾಲಿಂಚೂ ಇಲ್ಲ," ಎಂದರು ಸದಾನಂದ. "ಆದ್ರೆ ಭಾರಿ ಸ್ಪೀಡು ಅಕ್ಕ. ಹೆಗಲಿಗೆ ಒದೆಯುದೇ ಇಲ್ಲ. ದೊಡ್ಡ ಕೋವಿಯವರು ಒದೆತಕ್ಕೆ ಹೆದರಿ ಕಣ್ಣು ಮುಚ್ತಾರೆ. ಸಣ್ಣದಾದ್ರೆ ಇಟ್ಟಲ್ಲಿಗೇ ಬೀಳ್ತದೆ. ಜಾಗ ಸರಿ ಇದ್ರೆ ಸೈಜ್ ಎಂತಕ್ಕೆ?"

ಅವರ ಅಜ್ಜ ಒಂದೇ ಈಡಿಗೆ ಕಡವೆ ಕೆಡವಿದ ಕಥೆಯನ್ನು ಆಮೇಲೆ ಹೇಳಿದರು. ಮನೆಯಲ್ಲಿ ಹಬ್ಬಕ್ಕೊಮ್ಮೆ ಆ ಕಥೆ ಕೇಳಿ ಬೆಳೆದವರು ಅವರು. ಅಜ್ಜನ ಕಾಲಕ್ಕೆ ಬೇಟೆ ಗೌರವ, ಮೊಮ್ಮಗನ ಕಾಲಕ್ಕೆ ಜೈಲು. ಇಲ್ಲಿ ಮಾತ್ರ ಲೈಸೆನ್ಸ್ ಇದ್ದರೆ ಯಾರೂ ಕೇಳುವುದಿಲ್ಲ. ಐವತ್ತರ ಹತ್ತಿರ ಬಂದ ಮನುಷ್ಯ ಅಜ್ಜನ ಸಮ ನಿಲ್ಲಬೇಕೆಂದು ಹೊರಟಿದ್ದಾರೆ ಎಂದು ನನಗೆ ಅರ್ಥವಾಯಿತು. ನಗು ಬಂತು, ಸ್ವಲ್ಪ ಹೆದರಿಕೆಯೂ ಆಯಿತು.

ಹೆದರಿಕೆಗೆ ಕಾರಣವಿದೆ. ನನ್ನ ನೌಕರಿಯ ಒಂಬತ್ತು ವರ್ಷ ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಕಳೆಯಿತು. ಕಳ್ಳಬೇಟೆಯ ಪ್ರಾಣಿ ಸಿಕ್ಕಾಗ ಕೊಯ್ದು ನೋಡಿ ವರದಿ ಬರೆಯಲು ಅರಣ್ಯದವರು ನನ್ನನ್ನೇ ಕರೆಯುತ್ತಿದ್ದರು. ಸಣ್ಣ ಗುಂಡು ಹೆಗಲ ಮೂಳೆಗೆ ಬಡಿದು ಚೂರಾಗಿ ಅಲ್ಲೇ ನಿಂತದ್ದನ್ನು ಕಂಡಿದ್ದೇನೆ. ಅಂಥ ಕಡವೆ ಬೀಳುವುದಿಲ್ಲ. ಓಡುತ್ತದೆ, ಕೀವು ಕಟ್ಟುತ್ತದೆ, ಐದಾರು ದಿನ ಬಿಟ್ಟು ಯಾವುದೋ ಹಳ್ಳದಲ್ಲಿ ನೀರಿಗೆ ಮೂತಿಯಿಟ್ಟು ಸಾಯುತ್ತದೆ. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಶನಿವಾರ ಗುಂಡು ಹಾರಿಸುವ ಮೈದಾನಕ್ಕೆ ಹೋದೆವು. ಅಲ್ಲಿ ನಾನು ನಿಜಕ್ಕೂ ಬೆರಗಾದೆ. ನೂರು ಮೀಟರ್ ದೂರದ ಕಾಗದದಲ್ಲಿ ಸದಾನಂದರ ಮೂರು ಗುಂಡುಗಳು ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದಿದ್ದವು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೆನ್ನು ಬಾಗಿದ ಈ ಮನುಷ್ಯನ ಕೈ ಅಷ್ಟು ನಿಶ್ಚಲ!

"ನೋಡಿದ್ರಾ?" ಎಂದರು.

"ಕಾಗದ ಉಸಿರಾಡಲ್ಲ ಸದಾನಂದ. ತಿರುಗೋದೂ ಇಲ್ಲ," ಎಂದೆ.

ರಾತ್ರಿ ಊಟದ ಮೇಜಿನಲ್ಲಿ ತರಕಾರಿ ಬಿಲ್ಲಿನ ಹಿಂದೆ ಕಡವೆಯ ಒಳಗನ್ನು ಬರೆದು ತೋರಿಸಿದೆ. ಇಲ್ಲಿ ಹೆಗಲ ಮೂಳೆ, ಇಲ್ಲಿ ಹೃದಯ, ಮುಂಗಾಲಿನ ಹಿಂದೆ ಒಂದು ಅಂಗೈಯಗಲದ ಜಾಗ. ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಿರಬೇಕು, ಈ ಕಡೆಯ ಮುಂಗಾಲು ಒಂದು ಹೆಜ್ಜೆ ಮುಂದಿರಬೇಕು, ಹತ್ತಿರವಿರಬೇಕು, ಅಲುಗಬಾರದು. ಅಷ್ಟೂ ಕೂಡಿಬಂದರೆ ಸಣ್ಣ ಗುಂಡೂ ಸಾಕು. ಒಂದು ತಪ್ಪಿದರೂ ಸಾಲದು.

"ಹಾಗೆ ಕೂಡಿಬರುದು ಎಷ್ಟು ಸಲ?"

"ನನ್ ಹತ್ರ ಸತ್ತ ಮೇಲೆ ತರ್ತಿದ್ರು. ಹೇಗೆ ನಿಂತಿತ್ತು ಅಂತ ನಾನು ಯಾರನ್ನ ಕೇಳ್ಲಿ?"

ಸುಧಾ ನನ್ನನ್ನು ದುರುಗುಟ್ಟಿ ನೋಡಿದಳು. ಬೇಡ ಎನ್ನಲು ಕರೆಸಿದ ಅಕ್ಕ ಪಾಠ ಮಾಡುತ್ತ ಕೂತಿದ್ದಳು. ಆದರೆ ಸದಾನಂದ ಹಿಂದೆ ಸರಿಯುವವರಲ್ಲ ಎಂಬುದು ನನಗೆ ಖಚಿತವಾಗಿತ್ತು. ಕೊನೆಗೆ, ನಾನೂ ಜೊತೆಗೆ ಬರುತ್ತೇನೆ ಎಂದುಬಿಟ್ಟೆ.

ಶುಕ್ರವಾರ ಮಧ್ಯಾಹ್ನ ಹೊರಟು ಮ್ಯಾನ್ಸ್‌ಫೀಲ್ಡ್ ಕಡೆಗೆ ಇನ್ನೂರ ಮೂವತ್ತು ಕಿಲೋಮೀಟರ್ ಹೋದೆವು. ಬುತ್ತಿಗೆ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಸದಾನಂದರ ಪರಿಚಯದ ಆಲನ್ ಎಂಬ ಎಪ್ಪತ್ತು ದಾಟಿದ ರೈತರ ಕುರಿ ಫಾರ್ಮು ಅಲ್ಲಿದೆ. ಮೇವಿಲ್ಲದ ವರ್ಷ, ಫ್ಯಾಲೋ ಎಂಬ ಸಣ್ಣ ಜಾತಿಯ ಜಿಂಕೆಗಳು ಹಿಂಡಾಗಿ ಬಂದು ಉಳಿದ ಹುಲ್ಲನ್ನೂ ಮೇಯುತ್ತಿದ್ದವು. ಅದಕ್ಕೇ ಸದಾನಂದರಿಗೆ ಅನುಮತಿ ಕೊಟ್ಟಿದ್ದರು.

ಆಲನ್ ರೈಫಲ್ ನೋಡಿ, ಕುಂಕುಮ ನೋಡಿ, ಅದರ ಬಗ್ಗೆ ಏನೂ ಕೇಳಲಿಲ್ಲ. ಫ್ಯಾಲೋಗೆ ಇದು ಸಾಕು, ಕಾಯಿದೆಯೂ ಒಪ್ಪುತ್ತದೆ ಎಂದರು. ಆಮೇಲೆ ಕಾಡಿನ ಕಡೆ ಗಲ್ಲ ತೋರಿಸಿ, ಮೇಲಿಂದ ಸಾಂಬರ್ ಇಳಿದರೆ ಮಾತ್ರ ಮುಟ್ಟಬೇಡಿ, ಅದಕ್ಕೆ ಇದಕ್ಕಿಂತ ದೊಡ್ಡ ಕೋವಿಯೇ ಬೇಕೆಂದು ಕಾಯಿದೆ ಹೇಳುತ್ತದೆ, ನೋಡಿ ಕಳಿಸಿಬಿಡಿ ಎಂದರು.

ಸಾಂಬರ್ ಎಂದರೆ ನಮ್ಮ ಕಡವೆ! ನೂರು ವರ್ಷಕ್ಕೂ ಹಿಂದೆ ಇಂಡಿಯಾದಿಂದ, ಸಿಲೋನಿನಿಂದ ಹಡಗಿನಲ್ಲಿ ತಂದು ಬಿಟ್ಟವುಗಳ ಸಂತಾನವಂತೆ. ಸದಾನಂದರಿಗಿಂತ ಎಷ್ಟೋ ಮೊದಲು ಇಲ್ಲೇ ನೆಲೆಸಲು ಪಿಆರ್ ಪಡೆದವು ಎಂದು ನಾನು ನಕ್ಕೆ. ಸದಾನಂದ ನಗಲಿಲ್ಲ.

ಬೆಳಕು ಹರಿಯುವ ಮೊದಲು ಹೋಗಿ ಕಾಡಂಚಿನ ಒಂದು ಬಿದ್ದ ಮರದ ಹಿಂದೆ ಕೂತೆವು. ನಾಲ್ಕು ಡಿಗ್ರಿ ಚಳಿ. ನಾನು ಸುಧಾಳ ಎರಡು ಸ್ವೆಟರ್ ಹಾಕಿ, ಮೇಲೆ ಶಾಲು ಸುತ್ತಿಕೊಂಡಿದ್ದೆ. ಎದುರಿಗೆ ಹುಲ್ಲಿನ ಇಳಿಜಾರು, ಆಚೆ ಹಳ್ಳ, ಅದರಾಚೆ ಬೆಟ್ಟದ ಹಿಂದೆ ಬೆಟ್ಟ. ಬಿಸಿಲು ಮೊದಲು ತುದಿಯ ಮರಗಳಿಗೆ ತಗುಲಿ ಮೆಲ್ಲಗೆ ಕೆಳಗಿಳಿಯಿತು. ಮರದ ತೊಗಟೆಗಳು ಸುಲಿದು ನೇತಾಡುತ್ತಿದ್ದವು, ಗಾಳಿಯಲ್ಲಿ ನೀಲಗಿರಿ ಎಣ್ಣೆಯ ವಾಸನೆ. ಇಷ್ಟು ಸದ್ದಿಲ್ಲದ ಬೆಳಗನ್ನು ನಾನು ಅರವತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

ಫ್ಯಾಲೋ ಒಂದೂ ಬರಲಿಲ್ಲ. ಹಳ್ಳದಿಂದ ಮೊದಲು ಎರಡು ಕಿವಿ ಮೇಲೆದ್ದವು. ಹಿಂದೆಯೇ ಕೊಂಬು, ಒಂದೊಂದರಲ್ಲಿ ಮೂರು ಕವಲು. ಆಮೇಲೆ ಕುತ್ತಿಗೆ, ಒರಟು ಕೂದಲಿನ ದಪ್ಪ ಕುತ್ತಿಗೆ. ಗಂಡು ಕಡವೆ ಮೇಲೆ ಹತ್ತಿ ಬಂದು, ನಮ್ಮಿಂದ ಅರವತ್ತು ಮೀಟರಿನಲ್ಲಿ ನಿಂತಿತು. ಮೂಗಿನಿಂದ ಹಬೆ ಬರುತ್ತಿತ್ತು. ಬೆನ್ನಿನ ಮೇಲೆ ಇಬ್ಬನಿ ಹೊಳೆಯುತ್ತಿತ್ತು. ನಮ್ಮ ಕಾಡಿನಲ್ಲಿ ಇಷ್ಟು ದೊಡ್ಡದನ್ನು ನಾನು ನೋಡಿಲ್ಲ. ನೋಡಿದ್ದಾದರೂ ಏನು? ಕಟ್ಟಿಗೆಯಂತೆ ಸೆಟೆದ ಕಾಲು, ಗಾಜಾದ ಕಣ್ಣು, ನೊಣ. ಒಂದು ಕಡವೆಯ ಪಕ್ಕೆ ಉಸಿರಿಗೆ ಏರಿ ಇಳಿಯುವುದನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ನಾನು ಕಂಡದ್ದು ಅವತ್ತೇ. ನನ್ನ ಕಣ್ಣು ತುಂಬಿಬಂತು. ಹೇಳಲು ನಾಚಿಕೆಯೇನಿಲ್ಲ.

ಪಕ್ಕದಲ್ಲಿ ಸಣ್ಣ ಸದ್ದಾಯಿತು. ಗುಂಡು ಹಾರದಂತೆ ತಡೆಯುವ ಸೇಫ್ಟಿಯನ್ನು ಸದಾನಂದ ಸರಿಸಿದ್ದರು. ಕೆನ್ನೆ ಹಿಡಿಗೆ ಒತ್ತಿತ್ತು, ಬೆರಳು ಟ್ರಿಗರಿನ ಪಕ್ಕದಲ್ಲಿತ್ತು. ಕಾಯಿದೆ, ಆಲನ್, ಸುಧಾ ಯಾರೂ ಆ ಹೊತ್ತಿನಲ್ಲಿ ಅವರಿಗೆ ನೆನಪಿರಲಿಲ್ಲ. ಅಜ್ಜ ಒಬ್ಬರೇ ಇದ್ದಿರಬೇಕು.

"ಅಕ್ಕ," ಎಂದು ಪಿಸುಗುಟ್ಟಿದರು, "ಹೇಳಿ. ಹೊಡೀಬಹುದಾ?"

ನಾನು ನೋಡಿದೆ. ಕಡವೆ ಪೂರ್ತಿ ಅಡ್ಡಲಾಗಿ ನಿಂತಿತ್ತು. ಈ ಕಡೆಯ ಮುಂಗಾಲು ಒಂದು ಹೆಜ್ಜೆ ಮುಂದಿತ್ತು. ಅಲುಗುತ್ತಿರಲಿಲ್ಲ. ನಾನು ತರಕಾರಿ ಬಿಲ್ಲಿನ ಹಿಂದೆ ಬರೆದ ಚಿತ್ರವೇ ಎದ್ದು ಬಂದು ನಿಂತಂತಿತ್ತು. ಆ ಕೈ, ಆ ಸಣ್ಣ ಗುಂಡು, ಆ ಅಂಗೈಯಗಲದ ಜಾಗ. ಹೊಡೆದಿದ್ದರೆ ನೂರು ಹೆಜ್ಜೆಯೊಳಗೆ ಬೀಳುತ್ತಿತ್ತು, ನರಳುತ್ತಲೂ ಇರಲಿಲ್ಲ. ಡಾಕ್ಟರಾಗಿ ನನಗೆ ಅದರಲ್ಲಿ ಸಂಶಯವೇ ಇರಲಿಲ್ಲ.

"ಬೇಡ," ಎಂದೆ. "ಓರೆಯಾಗಿ ನಿಂತಿದೆ. ಹೆಗಲ ಮೂಳೆ ಅಡ್ಡ ಬರತ್ತೆ. ಈ ಕೋವಿಗೆ ಅದರ ಮೈಮೇಲೆ ಎಲ್ಲೂ ಜಾಗ ಇಲ್ಲ."

ಅವರು ಕೋವಿಯ ಸ್ಕೋಪಿನ ಗಾಜಿನಿಂದ ಕಣ್ಣು ತೆಗೆಯದೆ ಇನ್ನೂ ಕಡವೆಯನ್ನೇ ನೋಡುತ್ತಿದ್ದರು. ಕಡೆಗೆ ಸೇಫ್ಟಿ ಹಿಂದಕ್ಕೆ ಸರಿಯಿತು. ಆ ಸದ್ದಿಗೋ, ನಮ್ಮ ವಾಸನೆಗೋ, ಕಡವೆ ತಲೆ ಎತ್ತಿ, ಮುಂಗಾಲನ್ನು ನೆಲಕ್ಕೆ ಕುಟ್ಟಿ, ಢಾಂಕ್ ಎಂದು ಕೂಗಿತು. ಬೆಟ್ಟವೆಲ್ಲ ಕೇಳುವ ಹಾಗೆ ಕೂಗಿತು. ಎಚ್.ಡಿ. ಕೋಟೆಯ ಕ್ವಾರ್ಟರ್ಸಿನಲ್ಲಿ ಮಲಗಿ ಕೇಳುತ್ತಿದ್ದ ಅದೇ ಕೂಗು. ಹಳ್ಳಕ್ಕೆ ಹಾರಿತು, ಆಚೆ ದಂಡೆಯ ಪೊದೆ ಅಲುಗಿತು, ಮುಗಿಯಿತು. ಸದಾನಂದ ಕೋವಿಯ ಬೋಲ್ಟು ಎಳೆದು ತೋಟಾ ತೆಗೆದು ಜೇಬಿಗೆ ಹಾಕಿದರು. ಫ್ಲಾಸ್ಕಿನ ಕಾಫಿಯನ್ನು ನಾನೇ ಬಗ್ಗಿಸಿಕೊಟ್ಟೆ. ಮಧ್ಯಾಹ್ನದವರೆಗೆ ಕೂತು, ಒಂದು ಈಡೂ ಹಾರಿಸದೆ ಹಿಂದಿರುಗಿದೆವು.

ಇನ್ನು ಹತ್ತು ದಿನ ಮೆಲ್ಬರ್ನ್‌ನಲ್ಲಿದ್ದೆ. ಟ್ರಾಮಿನಲ್ಲಿ ಸುತ್ತಿದೆ, ಕ್ಲೇಟನ್‌ನ ಇಂಡಿಯನ್ ಅಂಗಡಿಗಳಲ್ಲಿ ಮಸಾಲೆ ಪುಡಿ ಹುಡುಕಿದೆ, ಸುಧಾಳ ಗೆಳತಿಯರ ಕೈಯಲ್ಲಿ ಆಂಟಿ ಅನ್ನಿಸಿಕೊಂಡೆ. ಕೋವಿಯ ಮಾತನ್ನು ಸದಾನಂದ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ನನಗೆ ಸಮಾಧಾನವಿರಲಿಲ್ಲ. ಎಷ್ಟೋ ಬಡವರು, ಎಷ್ಟೋ ಬಲಿತವರು ಕೇಳಿದರೂ ನನ್ನ ಯಾವ ವರದಿಯಲ್ಲೂ ಒಂದು ಸಾಲೂ ಸುಳ್ಳು ಬರೆದವಳಲ್ಲ ನಾನು. ಕಡೆಗೆ, ನನ್ನನ್ನೇ ನಂಬಿ ಕೇಳಿದ ಮನುಷ್ಯನಿಗೆ ಸುಳ್ಳು ಹೇಳಿದ್ದೆ.

ಹೊರಡುವ ದಿನ ನಮ್ಮನ್ನು ವಿಮಾನ ನಿಲ್ದಾಣದಲ್ಲಿ ಇಳಿಸಿ ಸುಧಾ ಪಾರ್ಕಿಂಗ್ ಹುಡುಕಲು ಹೋದಳು. ಸದಾನಂದ ನನ್ನ ಟ್ರಾಲಿ ತಳ್ಳುತ್ತಿದ್ದರು. ಇನ್ನು ತಡೆಯಲಾರದೆ ಹೇಳಿಬಿಟ್ಟೆ.

"ಅವತ್ತು ಅದು ಓರೆಯಾಗಿ ನಿಂತಿರ್ಲಿಲ್ಲ ಸದಾನಂದ. ಸರಿಯಾಗೇ ನಿಂತಿತ್ತು."

"ಗೊತ್ತುಂಟು ಅಕ್ಕ. ಸ್ಕೋಪಿನಲ್ಲಿ ನೋಡ್ತಾ ಇದ್ದದ್ದು ನಾನಲ್ವಾ?"

ನಾನು ನಿಂತುಬಿಟ್ಟೆ. "ಮತ್ತೆ ಯಾಕೆ ಹೊಡೀಲಿಲ್ಲ?"

ಅವರು ಟ್ರಾಲಿಯನ್ನು ಕ್ಯೂಗೆ ನೇರ ಮಾಡಿದರು.

"ನೀವು ಸತ್ರೂ ಸುಳ್ಳು ಹೇಳುವವರಲ್ಲ ಅಂತ ಸುಧಾ ಹೇಳ್ತಾನೇ ಇರ್ತಾಳೆ. ಅಂಥವರು ಆ ಕಡವೆಗೋಸ್ಕರ ಒಂದು ಸುಳ್ಳು ಹೇಳಿದ್ರಿ. ಮತ್ತೆ ನಾನು ಹೇಗೆ ಹೊಡಿಯುದು ಮಾರಾಯ್ರೆ?"

ಹಿಂದಿನವರು ಮುಂದೆ ಹೋಗಿ ಎಂದು ಸನ್ನೆ ಮಾಡಿದರು. ಪಾಸ್‌ಪೋರ್ಟ್ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ತಿರುಗಿ ನೋಡಿದಾಗ ಸದಾನಂದ ಹಗ್ಗದಾಚೆ ನಿಂತು, ನಾನು ಒಳಗೆ ಹೋಗುವವರೆಗೂ ಕೈ ಎತ್ತಿಕೊಂಡೇ ಇದ್ದರು.