ಆಗಸ್ಟಿನ ಕಡಲೂಟ ಮತ್ತು ಒಂದು ‘ಬರ್ತೇನೆ’

ಮೊನ್ನೆ ಬೆಳಿಗ್ಗೆ ಅಂಗಡಿಯಿಂದ ತಂದ ಕೋರಿರೊಟ್ಟಿಯ ಪ್ಯಾಕೆಟ್ ಒಡೆದು ಒಂದು ರೊಟ್ಟಿಯನ್ನು ಮುರಿಯಲು ಹೋದೆ. ಅದು ಮುರಿಯಲಿಲ್ಲ, ಬಾಗಿತು. ನೀವು ನಮ್ಮ ಕರಾವಳಿಯವರಲ್ಲದಿದ್ದರೆ ಇದರಲ್ಲಿ ಅಂಥ ದುರಂತವೇನೂ ಕಾಣಿಸಲಿಕ್ಕಿಲ್ಲ. ಕೋರಿರೊಟ್ಟಿ ಎಂದರೆ ಅಕ್ಕಿ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಹರಡಿ ಗರಿಗರಿಯಾಗಿ ಕಾಯಿಸಿದ್ದು. ಮುಟ್ಟಿದರೆ ಚೂರಾಗಬೇಕು, ಬಟ್ಟಲಿನಲ್ಲಿ ಕೋಳಿಸಾರು ಬಿದ್ದ ಮೇಲೆ ಮಾತ್ರ ಮೆತ್ತಗಾಗಬೇಕು. ಅದಕ್ಕಿಂತ ಮೊದಲೇ ಮೆತ್ತಗಾದ ರೊಟ್ಟಿಗೆ ಮರ್ಯಾದೆಯಿಲ್ಲ.

“ಗಾಳಿ ತಾಗಿದೆ, ಹಿಂದೆ ಕೊಟ್ಟು ಬನ್ನಿ” ಎಂದಳು ನನ್ನ ಹೆಂಡತಿ ಸುಮತಿ. ನಾನು ಆ ಬಾಗಿದ ರೊಟ್ಟಿಯನ್ನು ಹಿಡಿದುಕೊಂಡು ಅಡಿಗೆಮನೆಯಲ್ಲಿಯೇ ನಿಂತುಬಿಟ್ಟೆ. ಇಂಥ ರೊಟ್ಟಿ ನೂರಾರು ಒಟ್ಟಿಗೇ ಮೆತ್ತಗಾದದ್ದನ್ನು ನಾನು ಕಣ್ಣಾರೆ ಕಂಡವನು. ಅದು ಬಹ್ರೈನಿನಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ, ಆಗಸ್ಟ್ ತಿಂಗಳ ಒಂದು ಶುಕ್ರವಾರ.

ಆಗಸ್ಟ್ ತಿಂಗಳಲ್ಲಿ ಬಹ್ರೈನಿನ ಕಡಲ ತೀರಕ್ಕೆ ಯಾರೂ ಹೋಗುವುದಿಲ್ಲ. ಬಿಸಿಲು ಒಂದು ಕಾರಣ, ಬಿಸಿಲಿಗಿಂತ ಹೆಚ್ಚು ಆ ಸೆಕೆ. ನಮ್ಮ ಊರಿನ ಮೇ ತಿಂಗಳ ಸೆಕೆಯನ್ನು ಎರಡರಿಂದ ಗುಣಿಸಿ, ಕುದಿಯುವ ಹಂಡೆಯ ಪಕ್ಕ ಕುಳಿತುಕೊಂಡರೆ ಸುಮಾರಾಗಿ ಲೆಕ್ಕ ಸರಿಯಾಗುತ್ತದೆ. ಕನ್ನಡಕ ಹಾಕಿದವರು ಕಾರಿನಿಂದ ಇಳಿದರೆ ಎರಡು ನಿಮಿಷ ಕುರುಡರು. ಅಂಥ ತಿಂಗಳಲ್ಲಿ, ಅಂಥ ಜಾಗದಲ್ಲಿ, ಸಂಗೀತ ಮತ್ತು ಊಟದ ಕಾರ್ಯಕ್ರಮ ಇಟ್ಟುಕೊಂಡ ಬುದ್ಧಿವಂತರು ನಾವು. ನಾವು ಎಂದರೆ ಕರಾವಳಿಯ ಕೆಲವು ಕುಟುಂಬಗಳ ಸಣ್ಣದೊಂದು ಕೂಟ. ಮನಾಮದ ವ್ಯಾಪಾರಿ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ನಾನು ಅದರ ಕಾರ್ಯದರ್ಶಿ. ಇಂಗ್ಲಿಷ್ ಟೈಪಿಂಗ್ ಬರುತ್ತದೆ ಎಂಬ ಕಾರಣಕ್ಕೆ ನನಗೆ ಸಿಕ್ಕಿದ ಆ ಪದವಿಯನ್ನು ನಾನು ಕನ್ನಡ ಸಾಹಿತ್ಯಕ್ಕೆ ಸಿಕ್ಕಿದ ಗೌರವವೆಂದು ತಿಳಿದಿದ್ದೆ.

ಆಗಸ್ಟಿನಲ್ಲೇ ಮಾಡಬೇಕಾದದ್ದು ಸಂಜೀವನ ಸಲುವಾಗಿ. ಸಂಜೀವ ಮೂಲ್ಕಿಯ ಕಡೆಯವನು, ಅಸ್ಕರಿನ ಕಾರ್ಖಾನೆಯಲ್ಲಿ ಫಿಟ್ಟರ್. ಎಂಟು ವರ್ಷ ದಿನವಿಡೀ ಏಣಿಗಳ ಮೇಲೆ ನಿಂತು ಕೆಲಸ ಮಾಡಿದವನು ಬಿದ್ದದ್ದು ಮಾತ್ರ ತನ್ನ ಕೋಣೆಯೆದುರಿನ ಮೂರು ಮೆಟ್ಟಿಲುಗಳಲ್ಲಿ, ಕೈಯಲ್ಲಿ ಸ್ನಾನದ ಬಕೆಟ್ಟು ಹಿಡಿದುಕೊಂಡು. ಬಲಗಾಲು ಎರಡು ಕಡೆ ಮುರಿದು ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಮಲಗಿದ್ದ. ಇನ್ನು ಏಣಿ ಹತ್ತುವ ಹಾಗಿಲ್ಲ, ಊರಿಗೆ ಹೋಗಿಬಿಡು ಎಂದು ಕಂಪೆನಿಯವರು ಹೇಳಿಯಾಗಿತ್ತು. ಮಂಗಳವಾರ ವಿಮಾನ. ಬರಿಗೈಯಲ್ಲಿ ಕಳಿಸಬಾರದೆಂದು ನಾವು ಹೊರಡಿಸಿದ್ದು ‘ಸಂಜೀವ ಸಹಾಯಾರ್ಥ ಸಂಗೀತ ಸಂಜೆ’. ಹೆಸರಿಟ್ಟವನು ನಾನೇ. ಅದರ ಪ್ರಾಸದ ಬಗ್ಗೆ ಒಂದು ವಾರ ಬೀಗಿದ್ದೆ.

ಬುಧವಾರ ಸಂಜೆ ಆಸ್ಪತ್ರೆಗೆ ಹೋಗಿ ಸಂಜೀವನಿಗೆ ವಿಷಯ ಹೇಳಿದೆ. ಅವನು ಹಾಸಿಗೆಯಲ್ಲಿ ಎದ್ದು ಕುಳಿತ.

“ಸಮುದ್ರದ ಬದಿಯಲ್ಲಾ ಅಣ್ಣ? ಎಂಟು ವರ್ಷ ಆಯ್ತು ನಾನು ಇಲ್ಲಿಗೆ ಬಂದು. ಶಿಫ್ಟು, ನಿದ್ದೆ, ಶಿಫ್ಟು. ಇಲ್ಲಿಯ ನೀರಿಗೆ ಒಂದು ದಿನ ಕಾಲು ಹಾಕ್ಲಿಕ್ಕೆ ಆಗ್ಲಿಲ್ಲ. ಊರಿಗೆ ಹೋದ್ರೆ ಕಡಲು ಹೇಗುಂಟು ಅಂತ ಅಮ್ಮ ಕೇಳ್ತಾಳೆ, ಎಂತ ಹೇಳುದು?”

ಡಾಕ್ಟರರೂ ನಾಲ್ಕು ಗಂಟೆಗಳ ಮಟ್ಟಿಗೆ ಹೋಗಿ ಬರಲಿ ಎಂದಿದ್ದರು, ಗಾಲಿಕುರ್ಚಿಯಲ್ಲಿ. “ಶುಕ್ರವಾರ ನಾಲ್ಕು ಗಂಟೆಗೆ ಹೊರಡುದು ಸಂಜೀವ, ನೀನು ರೆಡಿಯಾಗಿರು” ಎಂದೆ. ಆಮೇಲೆ ಗಡಿಯಾರ ನೋಡಿ, ಎದ್ದು, “ಹಾಗಾದ್ರೆ ಬರ್ತೇನೆ, ಆಯ್ತಾ?” ಎಂದು ಹೊರಟೆ.

ಈ ಮಾತನ್ನು ನೀವು ಗಮನಿಸಿರಲಿಕ್ಕಿಲ್ಲ. ನಾನೂ ಗಮನಿಸಲಿಲ್ಲ. ನಾವು ಯಾರ ಮನೆಯಿಂದ ಹೊರಟರೂ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತೇವೆ. ಸಾಲ ಕೇಳಿ ಸಿಗದವನೂ ‘ಬರ್ತೇನೆ’ ಎಂದೇ ಹೊರಡುತ್ತಾನೆ, ಜಗಳವಾಡಿ ಇನ್ನು ಈ ಹೊಸ್ತಿಲು ಮೆಟ್ಟುವುದಿಲ್ಲ ಎಂದವನ ಬಾಯಲ್ಲೂ ಕೊನೆಗೆ ಅದೇ ಬರುತ್ತದೆ. ತುಳುವಿನಲ್ಲೂ ಹಾಗೆಯೇ, ‘ಬರ್ಪೆ’. ಹೋಗುವುದಕ್ಕೆ ಬರುವುದೆಂದು ಹೆಸರಿಟ್ಟ ಜನ ನಾವು, ಅದರಿಂದ ಇಷ್ಟು ಕಾಲ ಯಾರಿಗೂ ತೊಂದರೆಯಾದದ್ದು ನನಗೆ ಗೊತ್ತಿಲ್ಲ.

ಮರುದಿನ ಕಮಿಟಿ ಮೀಟಿಂಗ್ ಆಯಿತು. ಅಧ್ಯಕ್ಷರು ಭುಜಂಗಣ್ಣ. ದೊಡ್ಡ ಕಂಪೆನಿಯೊಂದರಲ್ಲಿ ಮ್ಯಾನೇಜರು, ಬಿಳಿ ಡಟ್ಸನ್ ಕಾರು, ಮಾತಿಗೆ ಮೊದಲು ಕೆಮ್ಮುವ ಅಭ್ಯಾಸ. ಮೀಟಿಂಗಿನ ಒಂದೂವರೆ ಗಂಟೆ ಕೋರಿರೊಟ್ಟಿಯೋ ತುಪ್ಪದನ್ನವೋ ಎಂಬುದರಲ್ಲಿ ಕಳೆಯಿತು. ಅರ್ಧ ಗಂಟೆ ಸಸ್ಯಾಹಾರಿಗಳ ಮೇಜು ಗಾಳಿಗೆ ಎದುರಾಗಿರಬೇಕೋ ಬೆನ್ನಾಗಿರಬೇಕೋ ಎಂಬುದರಲ್ಲಿ. ಮುಖ್ಯ ಅತಿಥಿಗೆ ಹಾರ ಹಾಕುವವರು ಯಾರು ಎಂಬಲ್ಲಿ ಇಬ್ಬರು ಮಾತು ಬಿಟ್ಟರು. ಕೊನೆಗೆ ಎಲ್ಲರೂ ಚಪ್ಪಲಿ ಮೆಟ್ಟುತ್ತಿರುವಾಗ ಯಾರೋ “ಸಂಜೀವ?” ಎಂದರು. “ಕರ್ಕೊಂಡು ಬರುವಾ ಮಾರಾಯ” ಎಂದು ಭುಜಂಗಣ್ಣ ಕೆಮ್ಮಿದರು. ನಾನು ನನ್ನ ಅಚ್ಚುಕಟ್ಟಾದ ಅಕ್ಷರದಲ್ಲಿ ಪುಸ್ತಕದಲ್ಲಿ ಬರೆದೆ: ‘ಶ್ರೀ ಸಂಜೀವ ಇವರನ್ನು ಆಸ್ಪತ್ರೆಯಿಂದ ಕರೆತರಲಾಗುವುದೆಂದು ತೀರ್ಮಾನಿಸಲಾಯಿತು.’

ಕನ್ನಡದ ಈ ‘ಲಾಗುವುದು’ ಬಹಳ ಸಭ್ಯ ಪ್ರತ್ಯಯ. ಅದರಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲವೂ ತಾನೇ ಆಗುತ್ತದೆ. ಕಾರಿರುವ ಭುಜಂಗಣ್ಣ ಕರೆತರುತ್ತಾರೆ ಎಂದು ನಾನು ತಿಳಿದೆ. ಆಸ್ಪತ್ರೆಗೆ ಹೋಗಿ ಬರುತ್ತಿರುವ ಕಾರ್ಯದರ್ಶಿ ಕರೆತರುತ್ತಾನೆ ಎಂದು ಭುಜಂಗಣ್ಣ ತಿಳಿದರು. ಉಳಿದವರು ನಾವಿಬ್ಬರೂ ಇದ್ದೇವೆ ಎಂದು ತಿಳಿದರು.

ಶುಕ್ರವಾರ ಮಧ್ಯಾಹ್ನ, ಸಿತ್ರಾದಲ್ಲಿ ಕೆಲಸಕ್ಕಿದ್ದ ನಮ್ಮವರೊಬ್ಬರು ಬೇಡಿ ತಂದ ಕಂಪೆನಿ ಬಸ್ಸಿನಲ್ಲಿ ರೊಟ್ಟಿಯ ಡಬ್ಬಗಳ ನಡುವೆ ಕುಳಿತು ನಾನೂ ಸುಮತಿಯೂ ಜಲ್ಲಾಕ್ ಕಡೆಯ ತೀರಕ್ಕೆ ಹೋದೆವು. ಅಲ್ಲಿ ಕಡಲೇ ಇರಲಿಲ್ಲ. ಇಳಿತದ ಹೊತ್ತು, ನೀರು ದೂರ ಹೋಗಿ ಒಂದು ಗೆರೆಯಾಗಿ ಹೊಳೆಯುತ್ತಿತ್ತು. ಕಾವಲಿಗಿದ್ದ ಮುದುಕ ಅರಬಿ ನಮ್ಮ ಡಬ್ಬ, ಹಾರ್ಮೋನಿಯಂ, ರೇಷ್ಮೆ ಸೀರೆಗಳನ್ನು ಒಂದೊಂದಾಗಿ ನೋಡಿದ. ಆಕಾಶ ನೋಡಿದ. ಆಮೇಲೆ ತನ್ನ ಹಣೆಗೆ ಬೆರಳು ತಟ್ಟಿ “ಮಾಫಿ ಮುಖ್!” ಎಂದ. ಮಿದುಳೇ ಇಲ್ಲ ಎಂದು ಅದರ ಅರ್ಥ. ಹೊಸದಾಗಿ ಊರಿಂದ ಬಂದಿದ್ದ ಸುಮತಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, “ನಮ್ಮ ಮುಖಕ್ಕೆ ಎಂತ ಆಗಿದೆಯಂತೆ?” ಎಂದು ಕೇಳಿದಳು. ಪೌಡರು ಇಳಿದಿದೆ ಎನ್ನುತ್ತಾನೆ ಎಂದೆ.

ಡಬ್ಬದ ಮುಚ್ಚಳ ತೆಗೆದ ಹತ್ತು ನಿಮಿಷಕ್ಕೆ ರೊಟ್ಟಿಗಳು ಒದ್ದೆ ಬಟ್ಟೆಯ ಹಾಗಾದವು. ತಬಲದ ಚರ್ಮ ಸಡಿಲಗೊಂಡು, ಎಷ್ಟು ತಟ್ಟಿದರೂ ಹೊಳೆಬದಿಯಲ್ಲಿ ಯಾರೋ ಬಟ್ಟೆ ಒಗೆದ ಸದ್ದು. ರೇಷ್ಮೆ ಜುಬ್ಬಾ ಹಾಕಿದ್ದ ಗಾಯಕರು ಎರಡನೆಯ ಹಾಡಿಗೆ ಬನಿಯನ್ನಿಗೆ ಇಳಿದರು, ಮೂರನೆಯದಕ್ಕೆ ಕುರ್ಚಿಗೆ ಇಳಿದರು. ಆದರೂ, ಸುಳ್ಳು ಹೇಳಬಾರದು, ಗಮ್ಮತ್ತಾಯಿತು. ಜನ ಒಬ್ಬರಿಗೊಬ್ಬರು ಬೀಸಣಿಗೆ ಬೀಸುತ್ತ, ಬೈಯುತ್ತ, ನಗುತ್ತ ಕೇಳಿದರು. ಸೂರ್ಯ ಮುಳುಗುವಾಗ ನೀರೂ ಹಿಂದೆ ಬಂತು, ಮಕ್ಕಳು ಅದರಲ್ಲಿ ಕೂಗಾಡಿದವು. ನೀರು ಬಚ್ಚಲ ಹಂಡೆಯದಷ್ಟೇ ಬಿಸಿ ಇತ್ತು.

ಮುಖ್ಯ ಅತಿಥಿಗಳು ಎದ್ದು ನಿಂತರು. ಅವರಿಗೆ ಸಂಜೀವನ ಬಗ್ಗೆ ಗೊತ್ತಿದ್ದದ್ದು ನಾನು ಚೀಟಿಯಲ್ಲಿ ಬರೆದುಕೊಟ್ಟಷ್ಟು. “ಸಂಜೀವರು ಬಹಳ ಸಜ್ಜನರಾಗಿದ್ದರು. ಅವರ ನಗುಮುಖ ನಮ್ಮ ಮನಸ್ಸಿನಲ್ಲಿ ಸದಾ ಉಳಿಯುತ್ತದೆ” ಎಂದರು. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡರು. ನಾನು ಗಾಬರಿಯಾಗಿ ಮೈಕಿಗೆ ಹೋಗಿ, “ಈಗ ನಮ್ಮೆಲ್ಲರ ಪ್ರೀತಿಯ ಸಂಜೀವನನ್ನು ವೇದಿಕೆಗೆ ಕರೆತರಬೇಕಾಗಿ ವಿನಂತಿ” ಎಂದೆ. ಹಾರ ಹಿಡಿದವರು ಮುಂದೆ ಬಂದರು. ಯಾರೂ ಏಳಲಿಲ್ಲ. ಭುಜಂಗಣ್ಣ ನನ್ನನ್ನು ನೋಡಿದರು, ನಾನು ಭುಜಂಗಣ್ಣನನ್ನು ನೋಡಿದೆ.

“ನೀವು ಅಲ್ವಾ?” ಎಂದರು ಅವರು, ಕೆಮ್ಮದೆ.

“ನಾನು ಬಸ್ಸಲ್ಲಿ, ರೊಟ್ಟಿ ಒಟ್ಟಿಗೆ” ಎಂದೆ. “ನಿಮ್ಮ ಕಾರು...”

“ಕಾರಲ್ಲಿ ಐಸ್ ಇತ್ತಲ್ಲ ಮಾರಾಯ್ರೇ!”

ಮೈಕು ಚಾಲೂ ಇತ್ತು. ಈ ಸಂಭಾಷಣೆ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಆ ಸಂಜೆ ಸರಿಯಾಗಿ ಕೇಳಿಸಿದ್ದು ಅದೊಂದೇ. ಈಗ ಹೋಗಿ ಕರೆತರುವಷ್ಟರಲ್ಲಿ ಊಟ ಆರುತ್ತದೆ, ಆಸ್ಪತ್ರೆಯವರೂ ಬಿಡಲಿಕ್ಕಿಲ್ಲ, ಹೇಗೂ ಸಹಾಯ ತಲುಪಿದರಾಯಿತಲ್ಲ ಎಂದು ಹಿರಿಯರು ಹೇಳಿದರು. ಹಾರವನ್ನು ಹಾಳು ಮಾಡಬಾರದೆಂದು ಮುಖ್ಯ ಅತಿಥಿಗಳಿಗೆ ಎರಡನೆಯ ಸಲ ಹಾಕಿದರು. ನಾನೂ ತಲೆಯಾಡಿಸಿದೆ. ತಲೆಯಾಡಿಸಿದ್ದಷ್ಟೇ ಅಲ್ಲ, ಮೆತ್ತಗಾದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಎರಡು ಸಲ ಹಾಕಿಸಿಕೊಂಡು ಉಂಡೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ಸಂಜೆ ಆಫೀಸು ಬಿಟ್ಟು, ಟಿಫಿನ್ ಡಬ್ಬದಲ್ಲಿ ಸ್ವಲ್ಪ ಕೋಳಿಸಾರು ತೆಗೆದುಕೊಂಡು ಸಲ್ಮಾನಿಯಾಕ್ಕೆ ಹೋದೆ. ಗಾಡಿ ಕೆಟ್ಟಿತು, ಡಾಕ್ಟರು ಬೇಡ ಅಂದರು, ಹೀಗೆ ಮೂರು ಸುಳ್ಳುಗಳನ್ನು ದಾರಿಯಲ್ಲಿ ಸಿದ್ಧ ಮಾಡಿಕೊಂಡಿದ್ದೆ. ವಾರ್ಡಿನ ಬಾಗಿಲಲ್ಲೇ ಮಲಯಾಳಿ ಸಿಸ್ಟರ್ ನನ್ನನ್ನು ತಡೆದರು. ಅವರ ಹಿಂದಿ ನನ್ನ ಹಿಂದಿಯಷ್ಟೇ ಇತ್ತು, ಅದರಿಂದ ಪೂರ್ತಿ ಅರ್ಥವಾಯಿತು. “ಆಪ್ ಹೀ ವೋ ಭಾಯಿ ಹೇ ಕ್ಯಾ? ಕಲ್ ತೀನ್ ಬಜೇ ಸೇ ತಯ್ಯಾರ್ ಬೈಠಾ ಥಾ. ಖಾನಾ ಭೀ ನಹೀ ಲಿಯಾ.” ಬಿಳಿ ಅಂಗಿ ಹಾಕಿಕೊಂಡು, ಪಕ್ಕದ ಹಾಸಿಗೆಯ ಪಠಾಣನಿಂದ ಅತ್ತರು ಬೇಡಿ ಹಚ್ಚಿಕೊಂಡು, ಮೂರು ಗಂಟೆಯಿಂದಲೇ ಅವನು ಗಾಲಿಕುರ್ಚಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದನಂತೆ. ರಾತ್ರಿಯ ಊಟ ತಂದರೆ, ಊಟ ಕಡಲ ಬದಿಯಲ್ಲಿ ಉಂಟು, ಅಣ್ಣ ಬರುತ್ತಾರೆ ಎಂದನಂತೆ. ದೀಪ ಹಾಕಿದ ಮೇಲೂ ಅಂಗಿ ಬಿಚ್ಚಲು ಒಪ್ಪಲಿಲ್ಲವಂತೆ.

ಮೂರು ಸುಳ್ಳುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಹಾಡು ಹೇಗಾಯ್ತು ಅಣ್ಣ?” ಎಂದು ಸಂಜೀವನೇ ಮೊದಲು ಕೇಳಿದ.

“ಸಂಜೀವ, ನಾನು ಬುಧವಾರ...”

“ಬರ್ತೇನೆ ಅಂತ ಹೇಳಿದ್ರಲ್ಲ, ಹಾಗೆ ಕೂತೆ” ಎಂದ.

“ಅದು ಹೊರಡುವಾಗ ಹೇಳುವ ಬರ್ತೇನೆ ಮಾರಾಯ...”

“ಹೌದಲ್ವಾ” ಎಂದು ಅವನು ನಕ್ಕ. “ನನಗೆ ಏಳು ಗಂಟೆಗೆ ಅಂದಾಜಾಯ್ತು. ಆದ್ರೂ, ಯಾರು ಕಂಡಿದ್ದಾರೆ, ನಿಜದ್ದೂ ಆಗಿರ್ಬಹುದು ಅಂತ ಸ್ವಲ್ಪ ಹೊತ್ತು ಕೂತೆ.”

ಅವನು ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಡಬ್ಬ ತೆರೆದು ಕೊಟ್ಟೆ, ತಿಂದ, ಉಪ್ಪು ಸ್ವಲ್ಪ ಜಾಸ್ತಿ ಎಂದ. ನೋಡಲು ಬಂದವರು ಹೊರಡಬೇಕಾದ ಗಂಟೆ ಹೊಡೆಯಿತು. ಎದ್ದು ನಿಂತವನಿಗೆ ಏನು ಹೇಳಿ ಹೊರಡಬೇಕೆಂದೇ ತಿಳಿಯಲಿಲ್ಲ. ಇನ್ನು ಸುಳ್ಳಾಡಬಾರದೆಂದು ತೀರ್ಮಾನಿಸಿ, ಜನ್ಮದಲ್ಲಿ ಮೊದಲ ಸಲ “ಹೋಗ್ತೇನೆ ಸಂಜೀವ” ಎಂದೆ.

ಅವನ ಮುಖ ಬಾಡಿತು. “ಛೆ, ಆಸ್ಪತ್ರೆಯಲ್ಲಿ ಹಾಗೆ ಹೇಳ್ಬಾರ್ದು ಅಣ್ಣ. ಬರ್ತೇನೆ ಅಂತ ಹೇಳಿ. ಬರದಿದ್ರೂ ಅಡ್ಡಿಲ್ಲ.”

ಹೇಳಿದೆ. ಭಾನುವಾರ ಆಫೀಸಿನಲ್ಲಿ ಹಡಗಿನ ಕಾಗದಗಳ ಗಡಿಬಿಡಿ, ಸೋಮವಾರವೂ ಹಾಗೆಯೇ. ಮಂಗಳವಾರ ಅವನು ವಿಮಾನ ಹತ್ತಿದ. ಭುಜಂಗಣ್ಣ ಹಣದ ಲಕೋಟೆ ಕೊಟ್ಟು ಫೋಟೋ ತೆಗೆಸಿಕೊಂಡರು. ಸಲ್ಮಾನಿಯಾದಿಂದ ಕಡಲಿಗೆ ಟ್ಯಾಕ್ಸಿಯಲ್ಲಿ ಎಷ್ಟು ಹೊತ್ತಿನ ದಾರಿ ಎಂದು ನಾನು ಲೆಕ್ಕ ಹಾಕಿದ್ದು ಅವನ ವಿಮಾನ ಹಾರಿದ ಮೇಲೆ.

ಆಮೇಲೆ ನಾನೂ ಊರಿಗೆ ಬಂದೆ, ಉಡುಪಿಯಲ್ಲಿ ಮನೆ ಮಾಡಿದೆ. ಐದು ವರ್ಷದ ಹಿಂದೆ ಒಂದು ಮದುವೆಯ ಊಟದ ಸಾಲಿನಲ್ಲಿ ಸಂಜೀವ ಸಿಕ್ಕಿದ. ಕೋಲು ಹಿಡಿದಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಮೂಲ್ಕಿಯಲ್ಲೇ ಇದ್ದೇನೆ, ಮನೆಗೊಮ್ಮೆ ಬನ್ನಿ ಎಂದ. ನಾನು ಎಂದಿನಂತೆ “ಬರ್ತೇನೆ” ಎಂದೆ. ಉಡುಪಿಯಿಂದ ಮೂಲ್ಕಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಐದು ವರ್ಷವಾದರೂ ನಾನಿನ್ನೂ ತಲುಪಿರಲಿಲ್ಲ.

ಮೊನ್ನೆ ಇಲ್ಲಿಯವರೆಗೆ ಬರೆದು ಕಾಗದ ಮಡಚಿಟ್ಟೆ. ನಿಮ್ಮೆದುರು ಇಷ್ಟು ಹೇಳಿಕೊಂಡ ಮೇಲೆ ಸುಮ್ಮನೆ ಕುಳಿತಿರಲು ಆಗಲಿಲ್ಲ. ನಿನ್ನೆ ಬೆಳಿಗ್ಗೆ ಹೊರಟಾಗ ಸುಮತಿ, “ಫೋನ್ ಮಾಡಿ ಹೇಳಿದ್ದೀರಾ, ಬರ್ತೇನೆ ಅಂತ?” ಎಂದು ಕೇಳಿದಳು. ಇಲ್ಲ, ಹೇಳುವುದೂ ಇಲ್ಲ ಎಂದೆ. ಹೇಳಿದರೆ ಹೋಗುವುದು ತಪ್ಪಿಯೇ ಹೋದೀತೆಂಬ ಹೆದರಿಕೆ.

ಮೂಲ್ಕಿಯ ಬಸ್ ಸ್ಟ್ಯಾಂಡಿನಿಂದ ರಿಕ್ಷಾ ಮಾಡಿ, ಎರಡು ಕಡೆ ಕೇಳಿ ಮನೆ ಹುಡುಕಿದೆ. ಸಂಜೀವ ಜಗಲಿಯಲ್ಲಿ ಬರಿಮೈಯಲ್ಲಿ, ಲುಂಗಿಯುಟ್ಟು, ಆ ಕಾಲನ್ನು ಸ್ಟೂಲಿನ ಮೇಲಿಟ್ಟು ಪೇಪರು ಓದುತ್ತಿದ್ದ. ನನ್ನ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಗಡಿಬಿಡಿಯಿಂದ ಒಂದು ಕೈಯಲ್ಲಿ ಕೋಲು ಹುಡುಕುತ್ತ, ಇನ್ನೊಂದು ಕೈಯಲ್ಲಿ ಪೇಪರನ್ನು ಎದೆಗೆ ಅಡ್ಡ ಹಿಡಿದುಕೊಂಡ.

“ಎಂತ ಅಣ್ಣ ನೀವು! ಬರ್ತೇನೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?” ಎಂದ. “ಅಂಗಿ ಆದ್ರೂ ಹಾಕಿ ಕೂತಿರ್ತಿದ್ದೆ.”